ಬುಧವಾರವೇ ತಿಳಿದಿತ್ತು

ನಿಮಗೆ ಯಾವ ಸಂಗತಿ ಯಾವ ದಿನ ತಿಳಿದಿತ್ತು ಎಂಬುದನ್ನು ತೀರ್ಮಾನಿಸುವ ಹಕ್ಕನ್ನು ನೀವು ಯಾರ ಕೈಗೆ ಬರೆದುಕೊಟ್ಟಿದ್ದೀರಿ, ನೆನಪಿದೆಯೇ? ಪರದೇಶಕ್ಕೆ ಹೊರಡುವ ಗಡಿಬಿಡಿಯಲ್ಲಿ, ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ಪು ಎಳೆಯುತ್ತ, 'ಎಲ್ಲಿ ಸಹಿ, ಇಲ್ಲೇನಾ?' ಎಂದು ಕೇಳಿ, ಹನ್ನೊಂದು ಪುಟಗಳ ಪ್ರಯಾಣ ವಿಮೆಯ ಕೊನೆಯ ಪುಟದ ಮೇಲೆ ಗೀಚಿಕೊಟ್ಟಿರಲ್ಲ, ಅದರ ಹದಿನಾಲ್ಕನೆಯ ಷರತ್ತಿನಲ್ಲಿ ಆ ಹಕ್ಕು ಇತ್ತು. ನೀವು ಹೋದ ದೇಶದಲ್ಲಿ ಗಲಭೆಯೆದ್ದು ನಿಮಗೆ ಕೇಡಾದರೆ ಕಂಪನಿ ನಿಮ್ಮ ಕೈಹಿಡಿಯುತ್ತದೆ. ಆದರೆ ವಿಮೆ ಕೊಳ್ಳುವ ಹೊತ್ತಿಗೇ ಆ ಗಲಭೆ ನಿಮಗೆ ತಿಳಿದಿರಬೇಕಾದದ್ದು ಆಗಿದ್ದರೆ ಕೈಬಿಡುತ್ತದೆ. ಯಾವ ದಿನದಿಂದ ತಿಳಿದಿರಬೇಕಾದದ್ದು ಎಂಬುದನ್ನು ಕಂಪನಿಯೇ ತನ್ನ ರಿಜಿಸ್ಟರಿನಲ್ಲಿ ಬರೆದಿಡುತ್ತದೆ. ಕಂಪನಿ ಎಂದರೆ ಯಾರು? ಗಾಜಿನ ಕಟ್ಟಡವನ್ನೂ ದುಂಡುಮೇಜನ್ನೂ ನೀವು ಕಲ್ಪಿಸಿಕೊಂಡಿದ್ದರೆ ಕ್ಷಮಿಸಬೇಕು. ಎರಡನೆಯ ಮಹಡಿಯ ಮೂಲೆಯಲ್ಲಿ, ಮಡಚಿದ ರಟ್ಟನ್ನು ಒಂದು ಕಾಲಿನಡಿ ತುರುಕಿದ ಮೇಜಿನ ಹಿಂದೆ, ಐವತ್ತೆರಡು ವರ್ಷದ ಒಬ್ಬ ಮನುಷ್ಯ ಕೂತಿದ್ದಾನೆ. ಕಂಪನಿ ಎಂದರೆ ಅವನು.

ಕಚೇರಿಯವರು ಬೆನ್ನ ಹಿಂದೆ ಅವನನ್ನು ತಾರೀಖಪ್ಪ ಎನ್ನುತ್ತಾರೆ. ಎನ್ನುತ್ತಾರೆಂಬುದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂಬುದು ಅವರಿಗೂ ಗೊತ್ತು. ಹೀಗೆ ಎರಡು ಕಡೆಯವರೂ ಪರಸ್ಪರ ಮರ್ಯಾದೆ ಕಾಪಾಡಿಕೊಂಡು ಹದಿನೆಂಟು ವರ್ಷ ಕಳೆದಿದ್ದಾರೆ. ಆ ಮಂಗಳವಾರ ಬೆಳಗ್ಗೆ ತಾರೀಖಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಿಂದಿನ ದಿನ ತಾನು ಸಹಿ ಮಾಡಿ ಕಳಿಸಿದ ಪತ್ರವೊಂದರ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಳ್ಳುತ್ತಿದ್ದ. 'ಸದರಿ ಗಲಭೆಯು ತಮಗೆ ಬುಧವಾರವೇ ತಿಳಿದಿರಬೇಕಾದದ್ದಾಗಿದ್ದ ಕಾರಣ, ತಮ್ಮ ಕ್ಲೇಮನ್ನು ಪರಿಗಣಿಸಲಾಗದೆಂದು ವಿಷಾದಪೂರ್ವಕವಾಗಿ ತಿಳಿಸಲಾಗಿದೆ.' ಎಲ್ಲೂ ಎಡವದ ವಾಕ್ಯ. ವಿಷಾದಪೂರ್ವಕವಾಗಿ ಎಂಬಲ್ಲಿಗೆ ಬಂದಾಗ ಮಾತ್ರ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತೆ ನಾಲಗೆ ಅಲ್ಲೇ ಹೋಗಿ ತಡವುತ್ತಿತ್ತು. "ದೂರದೃಷ್ಟಿ ಇರೋರು ಸ್ವಲ್ಪ ಹತ್ತಿರಾನೂ ನೋಡಿ," ಎಂದಳು ಹೆಂಡತಿ, ಅವನನ್ನು ಮೊಣಕೈಯಿಂದ ಸರಿಸುತ್ತ. "ಹಾಲು ಉಕ್ತಾ ಇದೆ. ಮೂಗಿನ ಕೆಳಗೇ ಉಕ್ತಾ ಇದೆ." ಅವನು ಒಲೆ ಆರಿಸುವಷ್ಟರಲ್ಲಿ ಹಾಲು ತನ್ನ ಕೆಲಸ ಮುಗಿಸಿತ್ತು. ದೂರದೃಷ್ಟಿ ಎಂಬುದು ಅವಳ ಸ್ವಂತ ಕಲ್ಪನೆಯೇನಲ್ಲ. ಹಿಂದಿನ ವಾರವಷ್ಟೇ ಮುಖ್ಯ ಕಚೇರಿಯವರು ಅವನಿಗೊಂದು ಮೇಜಿನ ಗಡಿಯಾರವನ್ನು ಬಹುಮಾನ ಕೊಟ್ಟಿದ್ದರು; ಅದರ ಕೆಳಗಿನ ಹಿತ್ತಾಳೆ ಪಟ್ಟಿಯಲ್ಲಿ 'ದೂರದೃಷ್ಟಿಗಾಗಿ' ಎಂದು ಕೊರೆಸಿತ್ತು. ಗಡಿಯಾರ ದಿನಕ್ಕೆ ಏಳು ನಿಮಿಷ ಮುಂದೆ ಓಡುತ್ತಿತ್ತು. ಪ್ರತಿದಿನ ಬೆಳಗ್ಗೆ ಕಚೇರಿಯಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವುದು ಅವನ ಮೊದಲ ಕೆಲಸವಾಗಿತ್ತು. ತಾರೀಖನ್ನು ಹಿಂದಕ್ಕೆ ತಿರುಗಿಸಿದವನಿಗೆ ಗಡಿಯಾರ ಯಾವ ಲೆಕ್ಕ ಎಂದು ತನ್ನಷ್ಟಕ್ಕೆ ತಮಾಷೆ ಮಾಡಿಕೊಂಡು, ಆ ತಮಾಷೆಗೆ ತಾನೊಬ್ಬನೇ ನಗಲೂ ಆಗದೆ, ಪೆಚ್ಚಾಗಿ ಕೂರುತ್ತಿದ್ದ.

ಅವನ ಕೆಲಸವಾದರೂ ಏನು? ಬೆಳಗ್ಗೆ ಬಂದು ನಾನಾ ದೇಶಗಳ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ತಿರುವಿಹಾಕುವುದು. ಎಲ್ಲಿ ಮೆರವಣಿಗೆ ಕಲ್ಲುತೂರಾಟವಾಯಿತು, ಕಲ್ಲುತೂರಾಟ ಎಲ್ಲಿ ಕರ್ಫ್ಯೂ ಆಯಿತು ಎಂದು ನೋಡುವುದು. ಮಧ್ಯಾಹ್ನದೊಳಗೆ ಉದ್ದನೆಯ ರಿಜಿಸ್ಟರಿನಲ್ಲಿ ದೇಶ, ನಗರ, ತಾರೀಖು ಬರೆಯುವುದು. ಬರೆದ ಗಳಿಗೆಯಿಂದ ಲೋಕದ ಸಮಸ್ತರಿಗೂ ಆ ಗಲಭೆ ತಿಳಿದಂತಾಯಿತು. ಬರೆಯುವ ತನಕ ಯಾರಿಗೂ ತಿಳಿದಿಲ್ಲ. ಪೆನ್ನಿನಲ್ಲೇ ಬರೆಯಬೇಕು, ತಿದ್ದಬೇಕಾದರೆ ತಿದ್ದುಪಡಿ ಚೀಟಿಯಲ್ಲಿ ಕಾರಣವನ್ನು ಸ್ವಹಸ್ತದಿಂದ ಬರೆದು ಮೇಲಧಿಕಾರಿಯ ಸಹಿ ಪಡೆಯಬೇಕು. ರಿಜಿಸ್ಟರಿನ ಕಪಾಟಿಗೆ ಒಂದು ಕೀಲಿ. ರಜೆ ಹಾಕುವ ದಿನ ಆ ಕೀಲಿಯನ್ನು ಪಕ್ಕದ ಮೇಜಿನವರಿಗೆ ಕೊಟ್ಟು ಹೋಗಬೇಕೆಂಬುದು ನಿಯಮ. ತಾರೀಖಪ್ಪ ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಕೊಟ್ಟವನಲ್ಲ. ಕರ್ತವ್ಯನಿಷ್ಠೆ ಎಂದು ಎಲ್ಲರೂ ತಿಳಿದಿದ್ದರು. ನಿಜವೆಂದರೆ, ಪಕ್ಕದ ಮೇಜಿನವರು ಒಂದು ದಿನ ತನ್ನ ಕುರ್ಚಿಯಲ್ಲಿ ಕೂತರೆ, ಈ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆಂಬುದು ಅವರಿಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ಉಳಿದ ಆರೂವರೆ ಗಂಟೆ ಅವನು ಹುಬ್ಬು ಗಂಟಿಕ್ಕಿಕೊಂಡು ಕೂರುತ್ತಿದ್ದ. ಅದೂ ಒಂದು ದುಡಿಮೆಯೇ. ಸಂಜೆಯ ಹೊತ್ತಿಗೆ ಹಣೆ ನೋಯುತ್ತಿತ್ತು.

ಮಂಗಳವಾರ ಸಂಜೆ ನಾಲ್ಕು ಗಂಟೆಯ ತನಕ ಅವನ ಹಣೆ ನೋಯುತ್ತಲೇ ಇತ್ತು. ಆಗ ಬಂದವನು ಮೂವತ್ತೈದರ ಆಸುಪಾಸಿನ ಗಂಡಸು, ಬೆರಳ ತುದಿಗಳಲ್ಲಿ ಬಿಳಿಯ ಪುಡಿ ಕೂತಿದ್ದವನು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಎಂದ. ಮೇಜಿನ ಮೇಲೆ ಅವನಿಟ್ಟ ಪತ್ರ, ತಾರೀಖಪ್ಪ ಬೆಳಗ್ಗೆಯಿಂದ ನಾಲಗೆಯಲ್ಲಿ ತಡವುತ್ತಿದ್ದ ಅದೇ ಪತ್ರವಾಗಿತ್ತು. "ಸರ್, ಇದು ನಮ್ಮಮ್ಮನದು. ಬುಧವಾರ ಸಂಜೆ ನಾಲ್ಕಕ್ಕೆ ಇಲ್ಲೇ, ಕೆಳಗಿನ ಕೌಂಟರಿನಲ್ಲೇ ವಿಮೆ ತಗೊಂಡಿದ್ದು. ಆ ರಾತ್ರೀನೇ ವಿಮಾನ. ಗುರುವಾರ ಅಲ್ಲಿ ಸೈನ್ಯ ಬೀದಿಗಿಳಿದು ವಿಮಾನ ನಿಲ್ದಾಣ ಮುಚ್ಚಿಬಿಟ್ರು. ಮೂರು ವಾರ ಆಯ್ತು, ಅಲ್ಲೇ ಸಿಕ್ಕಿಹಾಕ್ಕೊಂಡಿದಾಳೆ." ಅವಳು ಇಳಿದುಕೊಂಡಿದ್ದ ಮನೆಯ ಬೀದಿಯಲ್ಲಿ ಕಳೆದ ಶನಿವಾರ ಅಶ್ರುವಾಯು ಸಿಡಿಸಿದಾಗ ಜನ ಒಳಗೆ ನುಗ್ಗಿದ್ದರು, ನೂಕುನುಗ್ಗಲಿನಲ್ಲಿ ಮುದುಕಿ ಮೆಟ್ಟಿಲ ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. "ಆಪರೇಷನ್ ಮಾಡಕ್ಕೆ ಆಸ್ಪತ್ರೆಯವರು ತಯಾರಿದಾರೆ ಸರ್. ಖರ್ಚು ಕಂಪನಿ ಕೊಡುತ್ತೆ ಅಂತ ನಿಮ್ಮಿಂದ ಒಪ್ಪಿಗೆ ಪತ್ರ ಬೇಕಂತೆ. ಇವತ್ತು ಐದು ಗಂಟೆಯೊಳಗೆ ಬರಲಿಲ್ಲ ಅಂದ್ರೆ ಹಾಸಿಗೆ ಬಿಡಿಸ್ತಾರಂತೆ. ಗುಂಡೇಟು ತಿಂದೋರು ಬರ್ತಾನೇ ಇದಾರೆ, ಜಾಗ ಇಲ್ಲ ಅಂತಾರೆ." ಇಷ್ಟನ್ನೂ ಅವನು ದನಿ ಏರಿಸದೆ ಹೇಳಿದ. ದನಿ ಏರಿಸಿದ್ದರೆ ತಾರೀಖಪ್ಪನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಏರಿದ ದನಿಗೆ ಉತ್ತರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು.

"ನಿಯಮ ಏನಿದೆ ಅಂದ್ರೆ..." ಎಂದು ಅವನು ಶುರುಮಾಡುವಷ್ಟರಲ್ಲಿ ಕನ್ನಡಕದಂಗಡಿಯವನು ಮುಂದೆ ಬಾಗಿ ಅವನ ಮುಖವನ್ನೇ ದಿಟ್ಟಿಸಿದ. "ಸರ್, ತಪ್ಪು ತಿಳ್ಕೋಬೇಡಿ, ನಿಮ್ಮ ಕನ್ನಡಕದ ಎಡಗಡೆ ಸ್ಕ್ರೂ ಸಡಿಲ ಆಗಿದೆ. ಇವತ್ತೋ ನಾಳೆಯೋ ಕಳಚಿ ಬೀಳುತ್ತೆ. ಇಲ್ಲಿ ಕೊಡಿ." ಬೇಡವೆನ್ನುವುದಕ್ಕೂ ಒಂದು ಧೈರ್ಯ ಬೇಕು. ತಾರೀಖಪ್ಪ ಕನ್ನಡಕ ತೆಗೆದುಕೊಟ್ಟ. ಕೊಟ್ಟ ಕೂಡಲೇ ಲೋಕವೆಲ್ಲ ಮಸುಕಾಯಿತು: ಎದುರಿಗೆ ಕೂತವನು ಕಂದು ಬಣ್ಣದ ಒಂದು ಕಲೆ, ಅವನ ಅಮ್ಮನ ಪತ್ರ ಬಿಳಿಯ ಇನ್ನೊಂದು ಕಲೆ, ಗಡಿಯಾರದ ಹಿತ್ತಾಳೆ ಪಟ್ಟಿ ಮಾತ್ರ ಎಲ್ಲಿಂದಲೋ ಬಿದ್ದ ಬೆಳಕಿಗೆ ಮಿನುಗುತ್ತಿತ್ತು. ಮೂರು ವಾರದ ಹಿಂದಿನ ಆ ಗುರುವಾರ ಬೆಳಗ್ಗೆಯೂ ಹೀಗೆಯೇ ಎಲ್ಲ ಮಸುಕು ಮಸುಕಾಗಿ ಹಿತವಾಗಿತ್ತು. ಮೂಗು ಹಿಡಿದುಕೊಂಡು ಮೇಲಧಿಕಾರಿಗೆ ಫೋನು ಮಾಡಿ, "ಮೇಡಂ, ಸ್ವಲ್ಪ ಜ್ವರ," ಎಂದಿದ್ದ. ಜ್ವರವಿರಲಿಲ್ಲ. ಮಗಳ ಶಾಲೆಯಲ್ಲಿ ಭಾಷಣ ಸ್ಪರ್ಧೆ. ಅವನೇ ಮುಖ್ಯ ತೀರ್ಪುಗಾರ. ವಿಷಯ, 'ಸತ್ಯ ಹೇಳುವ ಧೈರ್ಯ.' ಹನ್ನೆರಡು ಮಕ್ಕಳು ತಲಾ ಮೂರು ನಿಮಿಷ ಮಾತಾಡಿದರು. ತೀರ್ಪುಗಾರರು ಇಪ್ಪತ್ತೈದು ನಿಮಿಷ ಮಾತಾಡಿದರು. ಎಳೆಯರೇ, ಸುಳ್ಳು ಮೊದಲು ಚಿಕ್ಕದಾಗಿಯೇ ಬರುತ್ತದೆ ಎಂದು ಅವನು ಬೆರಳೆತ್ತಿ ಹೇಳಿದಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಬಾಯಗಲಿಸಿ ಆಕಳಿಸಿದಳು. ಆ ಹುಡುಗಿ ಅವನ ಮಗಳೇ ಆಗಿದ್ದಳು. ಬೆಳಗ್ಗೆ ಅವನು ಮೂಗು ಹಿಡಿದು ಫೋನು ಮಾಡಿದ್ದು ಅವಳ ಎದುರಿಗೇ.

ಮರುದಿನ ಶುಕ್ರವಾರ ಕಪಾಟು ತೆಗೆದು ಪತ್ರಿಕೆ ನೋಡಿದವನಿಗೆ ನಿಜವಾಗಿಯೇ ಜ್ವರ ಬಂದಂತಾಯಿತು. ಸೈನ್ಯ, ಬೆಂಕಿ, ಮುಚ್ಚಿದ ವಿಮಾನ ನಿಲ್ದಾಣ. ಎಲ್ಲ ಗುರುವಾರವೇ ಆಗಿಹೋಗಿತ್ತು, ಗುರುವಾರದ ಪುಟ ಖಾಲಿಯಿತ್ತು. ಅಲ್ಲಿ ಈಗ ಬರೆದರೆ, ಕಪಾಟಿಗೆ ಬೀಗ ಹಾಕಿ ಕೀಲಿ ಸಮೇತ ಮನೆಯಲ್ಲಿ ಜ್ವರದಿಂದ ಮಲಗಿದ್ದವರು ಹೇಗೆ ಬರೆದಿರಿ ಎಂಬ ಪ್ರಶ್ನೆ ಏಳುತ್ತದೆ. ಕೀಲಿ ಕೊಡಲಿಲ್ಲವೇಕೆ ಎಂಬ ಪ್ರಶ್ನೆ ಅದರ ಬೆನ್ನಿಗೇ. ಅವನು ಆ ದೇಶದ ಬುಧವಾರದ ಪತ್ರಿಕೆಯನ್ನು ಹುಡುಕಿದ. ಒಂಬತ್ತನೆಯ ಪುಟದಲ್ಲಿ, ಹಳೆಯ ಪೀಠೋಪಕರಣ ಮಾರಾಟಕ್ಕಿದೆ ಎಂಬ ಜಾಹೀರಾತಿನ ಪಕ್ಕದಲ್ಲಿ, ಮೂರು ಸಾಲು: ಸೇತುವೆಯ ಮೇಲೆ ಕೆಲವರು ಕುಳಿತಿದ್ದರಿಂದ ವಾಹನಗಳಿಗೆ ಅಡಚಣೆಯಾಯಿತು. ಸಾಕು. ಬುಧವಾರದ ಪುಟದ ಕೆಳಗೆ ಒಂದು ಸಾಲಿನ ಜಾಗವಿತ್ತು. ಅಕ್ಷರ ಗುಂಡಾಗಿ ಬರೆದ. ಒಂದು ದಿನದ ಆಲಸ್ಯವನ್ನು ಮುಚ್ಚಲು ಹೊರಟವನು ಒಂದು ದಿನದ ಜಾಣ್ಮೆಯನ್ನು ಗಳಿಸಿಕೊಂಡುಬಿಟ್ಟ. ಬೇರೆ ಕಂಪನಿಗಳೆಲ್ಲ ಗುರುವಾರ ಸಂಜೆ ಎಚ್ಚರಗೊಂಡರೆ ನಮ್ಮವರು ಬುಧವಾರವೇ ಗುರುತಿಸಿದ್ದಾರೆ ಎಂದು ಮೇಲಧಿಕಾರಿ ಮುಖ್ಯ ಕಚೇರಿಗೆ ಬರೆದರು, ಮುಖ್ಯ ಕಚೇರಿ ಎಲ್ಲ ಶಾಖೆಗಳಿಗೂ ಸುತ್ತೋಲೆ ಕಳಿಸಿತು, ಗಡಿಯಾರ ಬಂತು. ಬುಧವಾರ ಆ ದೇಶಕ್ಕೆಂದು ವಿಮೆ ಕೊಂಡವರು ಏಳು ಜನ ಇದ್ದಾರೆಂಬುದನ್ನು ಅವನು ನೋಡಿದ್ದು ಗಡಿಯಾರಕ್ಕೆ ಕೀಲಿ ಕೊಟ್ಟ ಮೇಲೆ. ಏಳು ಜನ, ತಮಗೆ ಗೊತ್ತಿಲ್ಲದ್ದನ್ನು ತಿಳಿದುಕೊಂಡೇ ವಿಮಾನ ಹತ್ತಿದ್ದರು.

"ಅಮ್ಮ ಲೈನಿನಲ್ಲಿದಾಳೆ, ಮಾತಾಡಿ ಸರ್," ಎಂದು ಕಂದು ಕಲೆ ಹೇಳಿತು. ಅವನ ಕೈಗೆ ಫೋನು ಬಂತು. ಕನ್ನಡಕವಿಲ್ಲದೆ ಮಾತಾಡುವುದು ಬಟ್ಟೆಯಿಲ್ಲದೆ ಮಾತಾಡಿದಂತೆ ಅನ್ನಿಸಿ ತಾರೀಖಪ್ಪ ಕುರ್ಚಿಯಲ್ಲಿ ನೆಟ್ಟಗಾದ.

"ನೀವೇನಾ ಆ ಪತ್ರ ಬರೆದೋರು?" ಹೆಂಗಸಿನ ದನಿ. ನೋವಿನಿಂದ ತೆಳುವಾಗಿದ್ದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

"ಹೌದಮ್ಮ."

"ಮಗ ಓದಿ ಹೇಳಿದ. ಬರವಣಿಗೆ ಚೆನ್ನಾಗಿದೆ. ಮೂವತ್ತೊಂದು ವರ್ಷ ಛಾಪಖಾನೇಲಿ ಕರಡು ತಿದ್ದಿದೀನಿ. ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಬರೆಯೋರನ್ನ ನೋಡಿರಲಿಲ್ಲ."

"ಸುಳ್ಳಲ್ಲಮ್ಮ. ಪತ್ರಿಕೇಲಿ ಬಂದಿತ್ತು. ಒಂಬತ್ತನೇ ಪುಟ..."

"ಯಾವ ಪತ್ರಿಕೆ?"

ಅವನು ಹೆಸರು ಹೇಳಿದ.

"ಅದು ಈ ಊರಿನ ಪತ್ರಿಕೆ, ಈ ಊರಿನ ಭಾಷೇದು. ನನಗೆ ಓದಕ್ಕೆ ಬರಲ್ಲ. ನನ್ನ ಗೆಳತಿಗೆ ಬರುತ್ತೆ. ನಲವತ್ತು ವರ್ಷ ಬರೀ ಕಾಗದದಲ್ಲೇ ಮಾತಾಡಿಕೊಂಡೋರು ನಾವು, ಇದೇ ಮೊದಲು ಮುಖ ನೋಡಿದ್ದು. ಬುಧವಾರ ಅವಳೂ ಒಂಬತ್ತನೇ ಪುಟ ನೋಡಿರಲಿಲ್ಲ. ನಾನು ಬರ್ತೀನಿ ಅಂತ ಕೋಣೆ ಗುಡಿಸ್ತಾ ಇದ್ದಳು." ಅತ್ತ ಯಾವುದೋ ಗಾಲಿಗಳು ಕಿರುಗುಟ್ಟುತ್ತ ಹಾದುಹೋದವು, ಯಾರೋ ಯಾರನ್ನೋ ಕೂಗಿದರು. "ಇರಲಿ. ನನಗೆ ಬುಧವಾರ ತಿಳಿದಿರಬೇಕಿತ್ತು ಅಂತ ಬರೆದಿದೀರಿ. ಸರಿ. ನಿಮಗೆ ಯಾವಾಗ ತಿಳೀತು?"

ಯಾರೂ ಅವನನ್ನು ಕೇಳಿರದ ಪ್ರಶ್ನೆ ಇದು. ಮೇಲಧಿಕಾರಿ ಕೇಳಿರಲಿಲ್ಲ, ಮುಖ್ಯ ಕಚೇರಿ ಕೇಳಿರಲಿಲ್ಲ. ಅವನೇ ತನ್ನನ್ನು ಕೇಳಿಕೊಂಡಿರಲಿಲ್ಲ. ತಾರೀಖಪ್ಪ ಗಂಟಲು ಸರಿಮಾಡಿಕೊಂಡ. ಎಳೆಯರೇ ಎಂದು ಶುರುಮಾಡುವ ಮೊದಲೂ ಹೀಗೆಯೇ ಸರಿಮಾಡಿಕೊಂಡಿದ್ದ.

"ಶುಕ್ರವಾರ," ಎಂದ.

ಎದುರಿಗೆ ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಂತಿತು.

"ಹಾಗಾದ್ರೆ ಹಾಗೇ ಬರೀರಿ," ಎಂದಿತು ದನಿ. "ನಾನು ಕೇಳೋದು ಅಷ್ಟೇ."

ಮಗ ಕನ್ನಡಕವನ್ನು ಅಂಗಿಯ ಅಂಚಿನಿಂದ ಒರೆಸಿ ಮೇಜಿನ ಮೇಲಿಟ್ಟ. ಬೈದಿದ್ದರೆ ತಾರೀಖಪ್ಪ ಬದುಕಿಕೊಳ್ಳುತ್ತಿದ್ದ. ಕನ್ನಡಕ ಏರಿಸಿದಾಗ ಎಲ್ಲವೂ ಬೇಕಾದ್ದಕ್ಕಿಂತ ಸ್ಪಷ್ಟವಾಗಿ ಕಂಡಿತು; ಪತ್ರದ ಜೊತೆ ಮಗ ತಂದಿದ್ದ ವಿಮೆಯ ಹನ್ನೊಂದು ಪುಟಗಳಲ್ಲೂ ಅಮ್ಮನ ಕೆಂಪು ಪೆನ್ಸಿಲಿನ ಗುರುತು, ಹದಿನಾಲ್ಕನೆಯ ಷರತ್ತಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಸಾವಿರಾರು ಜನ ಸಹಿ ಮಾಡಿದ ಆ ಕಾಗದವನ್ನು ಪೂರ್ತಿ ಓದಿದವಳು ಒಬ್ಬಳು ಇದ್ದಳು, ಮತ್ತು ಅವಳು ಈಗ ಮೂಳೆ ಮುರಿದು ಮಲಗಿದ್ದಳು. ಗಡಿಯಾರ ನಾಲ್ಕೂವರೆ ಎನ್ನುತ್ತಿತ್ತು. ಅಂದರೆ ಇನ್ನೂ ಆಗಿರಲಿಲ್ಲ.

ರಿಜಿಸ್ಟರನ್ನು ಎದೆಗವಚಿಕೊಂಡು ಮೇಲಧಿಕಾರಿಯ ಕೋಣೆಗೆ ನಡೆದ ಇಪ್ಪತ್ತು ಹೆಜ್ಜೆಗಳಲ್ಲಿ ತಾರೀಖಪ್ಪ ಒಂದು ಇಡೀ ಭಾಷಣ ಸಿದ್ಧಪಡಿಸಿಕೊಂಡ. ಅದರಲ್ಲಿ ಅವನು ನಿರ್ಭೀತನಾಗಿದ್ದ, ತಲೆಯೆತ್ತಿ ನಿಂತಿದ್ದ, ಕೊನೆಗೆ ಬಹುಮಾನದ ಗಡಿಯಾರವನ್ನು ಮೇಜಿನ ಮೇಲಿಟ್ಟು ಹೊರನಡೆದಿದ್ದ. ಗಡಿಯಾರವನ್ನು ತರಲು ಮರೆತದ್ದು ಬಾಗಿಲು ತಟ್ಟಿದ ಮೇಲೆ ನೆನಪಾಯಿತು. "ಬನ್ನಿ ಬನ್ನಿ," ಎಂದರು ಮೇಡಂ, ಚಹಾದ ಲೋಟದಿಂದ ಕಣ್ಣೆತ್ತದೆ. "ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ? ಮತ್ತೆ ಜ್ವರಾನಾ?"

"ಇಲ್ಲ ಮೇಡಂ. ಆ ಬುಧವಾರದ ತಾರೀಖು... ನಿಜ ಹೇಳಬೇಕು ಅಂದ್ರೆ, ಬುಧವಾರ ನನಗೆ ತಿಳಿದಿರಲಿಲ್ಲ."

"ನಿಮಗೆ ತಿಳೀದೇ ಇರೋದು ಯಾವುದಿದೆ ಬಿಡಿ," ಎಂದು ಅವರು ನಕ್ಕರು. ಆಮೇಲೆ ಅವನ ಕೈಯಲ್ಲಿದ್ದ ರಿಜಿಸ್ಟರನ್ನು ನೋಡಿದರು. ನಗು ನಿಧಾನವಾಗಿ ಇಳಿಯಿತು. ಅವರು ದಡ್ಡರಲ್ಲ. "ಕೂತ್ಕೊಳ್ಳಿ. ಯಾರಾದ್ರೂ ಬಂದಿದಾರಾ?" ಅವನು ಕನ್ನಡಕದವನ ವಿಷಯ ಹೇಳಿದ. ಮುದುಕಿಯ ವಿಷಯ, ಐದು ಗಂಟೆಯ ವಿಷಯ ಹೇಳಿದ. ಶುಕ್ರವಾರದ ವಿಷಯಕ್ಕೆ ಬರುವಷ್ಟರಲ್ಲಿ ಅವರು ಕೈ ಎತ್ತಿದರು. "ಅಷ್ಟು ಸಾಕು. ಅದರ ಮುಂದಿನದು ನನಗೆ ಹೇಳಬೇಡಿ. ಹೇಳಿದ್ರೆ ನನಗೂ ತಿಳಿದ ಹಾಗಾಗುತ್ತೆ. ಸುತ್ತೋಲೆಗೆ ಬರೆದುಕೊಟ್ಟೋಳು ನಾನು, ಗೊತ್ತಾಯ್ತಾ? ಒಬ್ಬರೇ ತಾನೇ ಬಂದಿರೋದು? ಅನುಕಂಪದ ಆಧಾರದ ಮೇಲೆ ವಿಶೇಷ ಪ್ರಕರಣ ಅಂತ ಮಾಡಿ. ವಯಸ್ಸಾದೋರು, ಹೆಂಗಸು, ಒಂಟಿ. ನೀವೇ ಬರೀರಿ, ನಿಮ್ಮ ಕೈಲಿ ಚೆನ್ನಾಗಿ ಬರುತ್ತೆ." ಆ ಗಳಿಗೆಯಲ್ಲಿ ತಾರೀಖಪ್ಪನ ಮೈಯಿಂದ ಹೊರಟುಹೋದದ್ದು ಧೈರ್ಯ ಎಂದು ಹೇಳುವುದು ಆತ್ಮಸ್ತುತಿಯಾದೀತು. ಹೊರಟುಹೋದದ್ದು ಭಯ. ಹೋಗುವಾಗ ಅದು ಎಂಥ ಸುಖವನ್ನು ಬಿಟ್ಟುಹೋಯಿತೆಂದರೆ, ಅವನು "ಥ್ಯಾಂಕ್ಸ್ ಮೇಡಂ" ಎಂದುಬಿಟ್ಟ.

ಪತ್ರ ಚೆನ್ನಾಗಿಯೇ ಬಂತು. ಮುಗಿಸಿದಾಗ ಐದಕ್ಕೆ ಹದಿನೆಂಟು ನಿಮಿಷ ಉಳಿದಿತ್ತು. ಕನ್ನಡಕದವನು ಓದಿ, ಮತ್ತೆ ಓದಿ, ತಲೆ ಕೆರೆದುಕೊಂಡ. "ಅನುಕಂಪ ಅಂತ ಇದೆಯಲ್ಲ ಸರ್. ಅಮ್ಮ ಒಪ್ಪಲ್ಲ." ಒಪ್ಪದಿದ್ದರೆ ಏನು ಮಾಡುವುದೆಂದು ಇಬ್ಬರೂ ಹೆದರಿ, ಇಬ್ಬರೂ ಸೇರಿ ಫೋನು ಮಾಡಿದರು. ಈ ಸಲ ಫೋನು ಮೇಜಿನ ಮೇಲಿತ್ತು, ದನಿ ಇಬ್ಬರಿಗೂ ಕೇಳಿತು. ಮಗ ಪತ್ರವನ್ನು ಓದಿ ಹೇಳಿದ.

"ಕಳಿಸಿ," ಎಂದಳು. "ಮೂಳೆಗೆ ಸ್ವಾಭಿಮಾನ ಗೊತ್ತಾಗಲ್ಲ. ಆದ್ರೆ ಆ ಅನುಕಂಪದ ಕೆಳಗೆ ನಾನು ಕೆಂಪು ಗೆರೆ ಎಳೆದಾಯ್ತು ಅಂತ ಅವರಿಗೆ ಹೇಳು. ಕರುಣೆ ತೋರಿಸಿ ಅಂತ ನಾನು ಕೇಳಿರಲಿಲ್ಲ. ತಾರೀಖು ಸರಿಮಾಡಿ ಅಂತ ಕೇಳಿದ್ದೆ. ಹಾಗೇ ಇದನ್ನೂ ಕೇಳು. ನನ್ನ ಹಾಗೆ ಬುಧವಾರ ಕೊಂಡೋರು ಇನ್ನೆಷ್ಟು ಜನ ಇದಾರೆ?"

"ಆರು," ಎಂದ ತಾರೀಖಪ್ಪ, ಮಗ ಕೇಳುವ ಮೊದಲೇ.

ಅಷ್ಟರಲ್ಲಿ ಲೈನು ಕಡಿಯಿತು. ದಾದಿ ಫೋನು ತೆಗೆದುಕೊಂಡಿರಬೇಕು.

ಪತ್ರ ಹೋಯಿತು. ಐದಕ್ಕೆ ನಾಲ್ಕು ನಿಮಿಷವಿದ್ದಾಗ, ತಲುಪಿದೆ, ನಾಳೆ ಬೆಳಗ್ಗೆ ಆಪರೇಷನ್, ಎಂದು ಆಸ್ಪತ್ರೆಯಿಂದ ಒಂದು ಸಾಲು ಬಂತು. ಕನ್ನಡಕದವನು ಎರಡೂ ಕೈ ಜೋಡಿಸಿದ. ಶುಕ್ರವಾರ ಎಂಬುದನ್ನು ಅವನು ಕಿವಿಯಾರೆ ಕೇಳಿದ್ದ, ಆದರೂ ಜೋಡಿಸಿದ. ಕೆಲಸವಾಗಬೇಕಾದವರು ನಮ್ಮ ಕಚೇರಿಗಳಲ್ಲಿ ಹೀಗೆ ಜೋಡಿಸಿದ ಕೈಗಳಿಂದಲೇ ನಮ್ಮಂಥವರು ಕೊಬ್ಬಿದ್ದೇವೆ. ಬಾಗಿಲವರೆಗೆ ಹೋದವನು ತಿರುಗಿ, "ಆರು ತಿಂಗಳಿಗೊಮ್ಮೆ ಸ್ಕ್ರೂ ನೋಡಿಸ್ತಾ ಇರಿ ಸರ್," ಎಂದ. ಅಷ್ಟೆ. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಅವನು ಕನ್ನಡಕದ ಬಗ್ಗೆಯೇ ಹೇಳಿದ್ದು.

ಎಲ್ಲರೂ ಮೆಟ್ಟಿಲಿಳಿದ ಮೇಲೆ ತಾರೀಖಪ್ಪ ಡ್ರಾಯರಿನಿಂದ ಒಂದು ತಿದ್ದುಪಡಿ ಚೀಟಿ ತೆಗೆದ. ನಗರದ ಹೆಸರು ಬರೆದ. ತಪ್ಪಾದ ತಾರೀಖು, ಬುಧವಾರ. ಸರಿಯಾದ ತಾರೀಖು, ಗುರುವಾರ. ಕಾರಣ ಎಂಬ ಖಾನೆಯಲ್ಲಿ ಮೊದಲು 'ಕೈತಪ್ಪಿನಿಂದ' ಎಂದು ಬರೆದು ಅಳಿಸಿದ. 'ಅನಾರೋಗ್ಯದ ನಿಮಿತ್ತ' ಎಂದು ಬರೆದು ಅಳಿಸಿದ. ಮೂರನೆಯ ಸಲ, ಭಾಷಣ ಸ್ಪರ್ಧೆಗೆ ಹೋಗಿದ್ದೆ, ಸತ್ಯದ ಬಗ್ಗೆ ಮಾತಾಡಲು, ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದ. ಓದಿದರೆ ಯಾರಾದರೂ ನಗುವಂತಿತ್ತು. ಅವನೇ ನಕ್ಕ. ಅಳಿಸಲಿಲ್ಲ. ಆದರೆ ನೀವು ಗಮನಿಸಿರಬಹುದು, ಅಷ್ಟನ್ನೂ ಅಳಿಸಿ ಬರೆಯಲು ಸಾಧ್ಯವಾಗಿದ್ದು ಅವನ ಕೈಯಲ್ಲಿ ಪೆನ್ಸಿಲ್ ಇದ್ದದ್ದರಿಂದ. ಪೆನ್ನು ಜೇಬಿನಲ್ಲೇ ಇತ್ತು. ಚೀಟಿಯನ್ನು ರಿಜಿಸ್ಟರಿನ ಬುಧವಾರದ ಪುಟದಲ್ಲಿಟ್ಟು, ಕಪಾಟಿಗೆ ಬೀಗ ಹಾಕಿ, ನಾಳೆ ಮೇಡಂ ಮುಂದೆ ಇಡುತ್ತೇನೆ ಎಂದು ಗಟ್ಟಿಯಾಗಿ ಹೇಳಿಕೊಂಡ. ಗಡಿಯಾರ ಐದು ಗಂಟೆ ಏಳು ನಿಮಿಷ ತೋರಿಸಿತು. ಅವನು ಅದನ್ನು ಹಿಂದಕ್ಕೆ ತಿರುಗಿಸಿ ಮನೆಗೆ ಹೊರಟ. ಅದಾಗಿ ಒಂಬತ್ತು ದಿನಗಳಾಗಿವೆ. ಮುದುಕಿ ಕೋಲೂರಿ ನಾಲ್ಕು ಹೆಜ್ಜೆ ಹಾಕಿದಳೆಂದು ಮಗ ತಿಳಿಸಿದ್ದಾನೆ. ಚೀಟಿ ಇದ್ದಲ್ಲೇ ಇದೆ. ತಾರೀಖಪ್ಪ ಪ್ರತಿದಿನ ಅದನ್ನು ತೆರೆದು ನೋಡುತ್ತಾನೆ, ಪೆನ್ಸಿಲಿನ ಅಕ್ಷರ ದಿನದಿಂದ ದಿನಕ್ಕೆ ಮಸುಕಾಗುತ್ತಿದೆಯೇ ಅಥವಾ ಸ್ಕ್ರೂ ಮತ್ತೆ ಸಡಿಲವಾಗಿದೆಯೇ ಎಂದು ಯೋಚಿಸುತ್ತಾನೆ, ಮುಚ್ಚುತ್ತಾನೆ. ಉಳಿದ ಆರು ಜನರಲ್ಲಿ ಯಾರೂ ಬಂದಿಲ್ಲ. ವಿಷಾದಪೂರ್ವಕವಾಗಿ ತಿಳಿಸಿದ್ದನ್ನು ಅವರು ವಿಷಾದಪೂರ್ವಕವಾಗಿ ಒಪ್ಪಿಕೊಂಡಿರಬೇಕು.

ಆ ಆರರಲ್ಲಿ ನೀವೊಬ್ಬರಿರಬಹುದು. ಇಲ್ಲವೇ ನಿಮ್ಮ ಅತ್ತೆ, ನಿಮ್ಮ ಭಾವ, ನಿಮ್ಮ ಪಕ್ಕದ ಮನೆಯವರು. ದಯವಿಟ್ಟು ಏಳಿ, ಡ್ರಾಯರಿನಿಂದ ಆ ಹನ್ನೊಂದು ಪುಟಗಳನ್ನು ತೆಗೆಯಿರಿ, ತಾರೀಖು ನೋಡಿ. ಬುಧವಾರವಾಗಿದ್ದರೆ ಎರಡನೆಯ ಮಹಡಿಗೆ ಬನ್ನಿ. ಅವನು ಮೊದಲು ನಿಮಗೆ ಒಂಬತ್ತನೆಯ ಪುಟ ತೋರಿಸುತ್ತಾನೆ; ನೋಡಬೇಡಿ. ಕೈ ಜೋಡಿಸಬೇಡಿ. ದನಿ ಏರಿಸಲೂ ಬೇಡಿ, ಅದಕ್ಕೆ ಅವನ ಬಳಿ ಉತ್ತರವಿದೆ. ಎದುರಿನ ಕುರ್ಚಿಯಲ್ಲಿ ಕೂತು, ನಿಮಗೆ ಯಾವಾಗ ತಿಳಿಯಿತು ಎಂದು ಮಾತ್ರ ಕೇಳಿ. ಅವನು ಕೆಟ್ಟವನಲ್ಲ, ಹೇಳಿಬಿಡುತ್ತಾನೆ. ತಾನಾಗಿ ಮಾತ್ರ ಏಳಲಾರ. ಮತ್ತೆ, ಬರುವಾಗ ನಿಮ್ಮದೇ ಒಂದು ಪೆನ್ನು ತನ್ನಿ. ರಿಜಿಸ್ಟರಿನಲ್ಲಿರುವ ಚೀಟಿಯನ್ನು ತೆಗೆಸಿ ಅವನ ಮುಂದಿಟ್ಟು, ಆ ಪೆನ್ನನ್ನು ಅವನ ಕೈಗೆ ಕೊಡಿ.